ಕರ್ನಲ್ ಕೋಡಿಗೆ ಲಾಕ್ ಹಾಕುವ ಮೊದಲು ಒಂದು ಪಟ್ಟಿ ಮಾಡಿ

ಸ್ಪಿನ್‌ಲಾಕ್ ಹಾಕಲಾ, ಮ್ಯೂಟೆಕ್ಸ್ ಹಾಕಲಾ? ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಕೋಡ್ ಬರೆಯಲು ಶುರು ಮಾಡಿದವರು ಮೊದಲು ಕೇಳುವುದು ಇದನ್ನೇ. ಲಾಕ್ ಅಂದರೆ ಒಂದು ಡೇಟಾವನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ, ಸ್ಪಿನ್‌ಲಾಕ್ ಮತ್ತು ಮ್ಯೂಟೆಕ್ಸ್ ಅದರ ಎರಡು ಜಾತಿ. ಆದರೆ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಈ ಡೇಟಾವನ್ನು ಯಾರ್ಯಾರು ಮುಟ್ಟುತ್ತಾರೆ, ಯಾವ ಸಂದರ್ಭದಲ್ಲಿ ಮುಟ್ಟುತ್ತಾರೆ, ಮುಟ್ಟುವಾಗ ಅವರು ನಿದ್ದೆಗೆ (ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯಲು) ಹೋಗಬಹುದಾ ಅಂತ ಬರೆದುಕೊಳ್ಳಿ. ಇಷ್ಟು ಬರೆದರೆ ಯಾವ ಲಾಕ್ ಅನ್ನುವುದು ಹೆಚ್ಚು ಕಡಿಮೆ ತಾನಾಗಿಯೇ ಗೊತ್ತಾಗುತ್ತದೆ. ಈ ಹಾಳೆಯನ್ನು ಬಿಟ್ಟು ಅಂದಾಜಿನ ಮೇಲೆ ಲಾಕ್ ಹಾಕಿದಾಗಲೆಲ್ಲ ನಾನು ಒದ್ದಾಡಿದ್ದೇನೆ. ಒಂದು ಕಥೆ ಮುಂದೆ ಹೇಳುತ್ತೇನೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಕರ್ನಲ್ ಲೆಕ್ಕದಲ್ಲಿ. ಬೇರೆ ಕರ್ನಲ್‌ಗಳಲ್ಲಿ ಹೆಸರು ಬೇರೆ, ತಲೆನೋವು ಅದೇ.

ಮಾತಿಗೆ ಒಂದು ಪುಟ್ಟ ಡ್ರೈವರ್ ಇಟ್ಟುಕೊಳ್ಳೋಣ. ಒಂದು ಡಿವೈಸ್ ಇದೆ, ಡೇಟಾ ಬಂದಾಗಲೆಲ್ಲ ಇಂಟರಪ್ಟ್ ಕೊಡುತ್ತದೆ, ಅಂದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ನನ್ನ ಕಡೆ ನೋಡು ಅಂತ ಸಿಪಿಯುವನ್ನು ಕರೆಯುತ್ತದೆ. ಆ ಕರೆಗೆ ಓಡುವ ಫಂಕ್ಷನ್, ಅಂದರೆ ಇಂಟರಪ್ಟ್ ಹ್ಯಾಂಡ್ಲರ್, ಆ ಬೈಟ್‌ಗಳನ್ನು ಒಂದು ರಿಂಗ್ ಬಫರ್‌ಗೆ ತುಂಬುತ್ತದೆ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ತಿರುಗುವ ಬಫರ್ ಇದು, ತುಂಬುವ ಜಾಗ ಹೆಡ್, ತೆಗೆಯುವ ಜಾಗ ಟೈಲ್. ಯಾವುದೋ ಪ್ರೋಗ್ರಾಂ ರೀಡ್ ಕರೆದಾಗ ನಾವು ಬಫರ್‌ನಿಂದ ತೆಗೆದು ಕೊಡುತ್ತೇವೆ. ವೇಗ, ಮೋಡ್ ತರಹದ ಸೆಟ್ಟಿಂಗ್‌ಗಳಿವೆ, ಅವನ್ನು ಐಯೋಕ್ಟಲ್ (ಡಿವೈಸ್‌ಗೆ ಆಜ್ಞೆ ಕೊಡುವ ಸಿಸ್ಟಮ್ ಕಾಲ್) ಮೂಲಕ ಬದಲಿಸಬಹುದು. ಬಫರ್ ತುಂಬಿಹೋಗಿ ಬಿದ್ದುಹೋದ ಬೈಟ್‌ಗಳನ್ನು ಎಣಿಸಲು ಒಂದು ಕೌಂಟರ್. ಅಷ್ಟೇ ಡ್ರೈವರ್. ಇಷ್ಟರಲ್ಲೇ ಬೇಕಾದಷ್ಟು ಗುಂಡಿಗಳಿವೆ.

ಒಂದು ಸಾಲಿನ ಕೋಡ್ ಒಂದೇ ಕೆಲಸ ಅಲ್ಲ

ಕೌಂಟರ್ ಇಂದಲೇ ಶುರು ಮಾಡೋಣ. ಕೌಂಟ್++ ಅಂತ ಬರೆದಾಗ ನಮಗೆ ಅದು ಒಂದೇ ಹೆಜ್ಜೆ. ಸಿಪಿಯುಗೆ ಮೂರು: ಮೆಮೊರಿಯಿಂದ ಓದು, ಒಂದು ಕೂಡಿಸು, ವಾಪಸ್ ಬರೆ. ಎರಡು ಸಿಪಿಯುಗಳು ಒಟ್ಟಿಗೆ ಈ ಸಾಲಿಗೆ ಬಂದರೆ ಇಬ್ಬರೂ 41 ಓದುತ್ತಾರೆ, ಇಬ್ಬರೂ 42 ಬರೆಯುತ್ತಾರೆ, ಒಂದು ಎಣಿಕೆ ಮಾಯ. ಎರಡು ಸಿಪಿಯು ಬೇಕು ಅಂತಲೂ ಇಲ್ಲ. ನಮ್ಮ ಡ್ರೈವರ್‌ನಲ್ಲಿ ಐಯೋಕ್ಟಲ್ ಒಂದು ಕೌಂಟರ್ ಓದಿ ಸೊನ್ನೆಗೆ ಇಳಿಸುತ್ತದೆ ಅಂದುಕೊಳ್ಳಿ. ಅದು 41 ಓದಿತು, ಸೊನ್ನೆ ಬರೆಯುವ ಮೊದಲೇ ಅದೇ ಸಿಪಿಯುನಲ್ಲಿ ಇಂಟರಪ್ಟ್ ಬಂದು ಹ್ಯಾಂಡ್ಲರ್ ಅದನ್ನು 42 ಮಾಡಿತು, ಆಮೇಲೆ ಐಯೋಕ್ಟಲ್ ಎದ್ದು ಸೊನ್ನೆ ಬರೆಯಿತು. ಒಂದು ಬೈಟ್ ಬಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಇಷ್ಟಕ್ಕೆ ಲಾಕ್ ಬೇಡ. ಅಟಾಮಿಕ್, ಅಂದರೆ ನಡುವೆ ಯಾರೂ ನುಗ್ಗಲಾಗದ ಫಂಕ್ಷನ್‌ಗಳಾದ ಅಟಾಮಿಕ್_ಇಂಕ್ ಮತ್ತು ಅಟಾಮಿಕ್_ಎಕ್ಸ್‌ಚೇಂಜ್ ಸಾಕು, ಎರಡನೆಯದು ಹಳೇ ಬೆಲೆ ಕೊಟ್ಟು ಹೊಸದನ್ನು ಇಡುವ ಕೆಲಸವನ್ನು ಒಂದೇ ಏಟಿಗೆ ಮಾಡುತ್ತದೆ. ಆದರೆ ಒಂದು ಮಾತು ನೆನಪಿರಲಿ. ಎರಡು ಅಟಾಮಿಕ್ ವೇರಿಯಬಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಆ ಜೋಡಿ ಅಟಾಮಿಕ್ ಆಗುವುದಿಲ್ಲ. ಹೆಡ್ ಒಂದು ಅಟಾಮಿಕ್, ಟೈಲ್ ಇನ್ನೊಂದು ಅಟಾಮಿಕ್, ಇನ್ನೇನು ಭಯ ಅಂತ ಬರೆದ ಕೋಡನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು ಅಂದರೆ ಎರಡನ್ನೂ ಒಟ್ಟಿಗೆ ಕಾಯುವ ಏನೋ ಒಂದು ಬೇಕು.

ಹೀಗೆ ಯಾರು ಮೊದಲು ಬಂದರು ಅನ್ನುವುದರ ಮೇಲೆ ಫಲಿತಾಂಶ ಬದಲಾಗುವ ರೇಸ್‌ಗಳು ಸಿಕ್ಕಿಬೀಳಲು ಎಷ್ಟು ಕಾಲ ಬೇಕು ಅಂತ ಅನುಮಾನ ಇದ್ದರೆ ಡರ್ಟಿ ಕೌ ನೋಡಿ. ಕರ್ನಲ್‌ನ ಮೆಮೊರಿ ವಿಭಾಗದಲ್ಲಿ ಇದ್ದ ಒಂದು ರೇಸ್ ಅದು, 2007ರ 2.6.22 ಆವೃತ್ತಿಯಿಂದ ಅಲ್ಲೇ ಕೂತಿತ್ತು, ಸರಿ ಮಾಡಿದ್ದು 2016ರ ಅಕ್ಟೋಬರ್‌ನಲ್ಲಿ. ಬರೀ ಓದುವ ಅನುಮತಿ ಇದ್ದ ಫೈಲಿಗೆ ಬರೆಯಲು ಬರುತ್ತಿತ್ತು, ಹಾಗೇ ರೂಟ್, ಅಂದರೆ ಮೆಷಿನ್ ಮೇಲೆ ಪೂರ್ತಿ ಅಧಿಕಾರ ಇರುವ ಬಳಕೆದಾರ, ಆಗಬಹುದಿತ್ತು. ಒಂಬತ್ತು ವರ್ಷ, ಅಷ್ಟು ಜನ ಓದುವ ಕೋಡ್‌ನಲ್ಲಿ.

ಪಟ್ಟಿ ಹೇಗೆ ಮಾಡುವುದು

ಪಟ್ಟಿಯ ಎಡಗಡೆ ಡೇಟಾ ಬರೆಯಿರಿ, ಫಂಕ್ಷನ್ ಹೆಸರಲ್ಲ. ಲಾಕ್ ಕಾಯುವುದು ಡೇಟಾವನ್ನು, ಕೋಡನ್ನಲ್ಲ. ಈ ಫಂಕ್ಷನ್‌ಗೆ ಒಂದು ಲಾಕ್ ಹಾಕಿಬಿಡೋಣ ಅಂತ ಯೋಚನೆ ಬಂದರೆ ತಪ್ಪು ದಾರಿ ಹಿಡಿದಿದ್ದೀರಿ ಅಂತಲೇ ಲೆಕ್ಕ, ಯಾಕಂದರೆ ಅದೇ ಡೇಟಾವನ್ನು ಇನ್ನೆಲ್ಲಿಂದಲೋ ಮುಟ್ಟುವ ಎರಡನೇ ಫಂಕ್ಷನ್ ಇದ್ದೇ ಇರುತ್ತದೆ.

ಬಲಗಡೆ ಮುಟ್ಟುವವರ ಹೆಸರು. ಕರ್ನಲ್‌ನಲ್ಲಿ ಮುಟ್ಟುವವರು ಮುಖ್ಯವಾಗಿ ಮೂರು ತರಹ. ಪ್ರೊಸೆಸ್ ಕಾಂಟೆಕ್ಸ್ಟ್ ಅಂದರೆ ಸಿಸ್ಟಮ್ ಕಾಲ್, ಕರ್ನಲ್ ಥ್ರೆಡ್, ವರ್ಕ್‌ಕ್ಯೂ (ಆಮೇಲೆ ಮಾಡಲು ಬದಿಗಿಟ್ಟ ಕೆಲಸ), ಥ್ರೆಡೆಡ್ ಇಂಟರಪ್ಟ್ (ತನ್ನದೇ ಥ್ರೆಡ್‌ನಲ್ಲಿ ಓಡುವ ಹ್ಯಾಂಡ್ಲರ್). ಇವರಿಗೆ ನಿದ್ದೆ ಮಾಡಲು ಅಡ್ಡಿಯಿಲ್ಲ, ಸ್ಕೆಡ್ಯೂಲರ್ ಇವರನ್ನು ಮಲಗಿಸಿ ಬೇರೆಯವರನ್ನು ಓಡಿಸಬಹುದು. ಎರಡನೆಯದು ಸಾಫ್ಟ್ಇಂಟರಪ್ಟ್, ಅಂದರೆ ಟೈಮರ್‌ಗಳು, ನೆಟ್‌ವರ್ಕ್ ಇಂಟರಪ್ಟ್ ಆದ ಮೇಲೆ ಉಳಿದ ಕೆಲಸ ಇತ್ಯಾದಿ. ಮೂರನೆಯದು ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್. ಈ ಕೊನೆಯ ಎರಡಕ್ಕೂ ನಿದ್ದೆ ಪೂರ್ತಿ ನಿಷಿದ್ಧ, ಏಕೆಂದರೆ ಇವರು ಬೇರೆ ಯಾರದೋ ಬೆನ್ನ ಮೇಲೆ ಕೂತು ಓಡುತ್ತಿರುತ್ತಾರೆ, ಮಲಗಿಸಿ ಮತ್ತೆ ಎಬ್ಬಿಸಲು ಇವರದ್ದೇ ಅಂತ ಒಂದು ಪ್ರೊಸೆಸ್ ಇಲ್ಲ.

ನಮ್ಮ ಡ್ರೈವರ್‌ಗೆ ಪಟ್ಟಿ ಹೀಗಾಗುತ್ತದೆ. ಸೆಟ್ಟಿಂಗ್‌ಗಳು: ಐಯೋಕ್ಟಲ್ ಮಾತ್ರ ಮುಟ್ಟುತ್ತದೆ, ಪ್ರೊಸೆಸ್ ಕಾಂಟೆಕ್ಸ್ಟ್. ರಿಂಗ್ ಬಫರ್: ರೀಡ್ ಮುಟ್ಟುತ್ತದೆ, ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್ ಕೂಡ ಮುಟ್ಟುತ್ತದೆ. ಕೌಂಟರ್: ಆಗಲೇ ಅಟಾಮಿಕ್ ಮಾಡಿದ್ದೇವೆ.

ಈ ಪಟ್ಟಿಯನ್ನು ಹಾಳೆಯಲ್ಲೇ ಬಿಡಬೇಡಿ. ಸ್ಟ್ರಕ್ಟ್ ಒಳಗೆ ಪ್ರತಿ ಫೀಲ್ಡ್ ಪಕ್ಕ ಒಂದು ಕಮೆಂಟ್ ಹಾಕಿ, ಇದನ್ನು ಕಾಯುವುದು ಇಂಥ ಲಾಕ್ ಅಂತ. ಆರು ತಿಂಗಳ ಮೇಲೆ ನೀವೇ ಬಂದು ನೋಡಿದಾಗ ಆ ಒಂದು ಸಾಲು ನಿಮ್ಮ ಅರ್ಧ ದಿನ ಉಳಿಸುತ್ತದೆ.

ನಿದ್ದೆ ಮಾಡಬಹುದಾದರೆ ಮ್ಯೂಟೆಕ್ಸ್

ಸೆಟ್ಟಿಂಗ್‌ಗಳಿಗೆ ಪ್ರೊಸೆಸ್ ಕಾಂಟೆಕ್ಸ್ಟ್ ಬಿಟ್ಟು ಬೇರೆ ಯಾರೂ ಬರುವುದಿಲ್ಲ. ಹಾಗಾಗಿ ಮ್ಯೂಟೆಕ್ಸ್, ಚರ್ಚೆಯೇ ಬೇಡ. ಲಾಕ್ ಸಿಗದಿದ್ದರೆ ಕಾಯುವವನು ಮಲಗುತ್ತಾನೆ, ಸಿಪಿಯು ಬೇರೆ ಕೆಲಸಕ್ಕೆ ಹೋಗುತ್ತದೆ. ಲಿನಕ್ಸ್‌ನ ಮ್ಯೂಟೆಕ್ಸ್ ಸ್ವಲ್ಪ ಜಾಣ ಕೂಡ, ಲಾಕ್ ಹಿಡಿದವನು ಇನ್ನೊಂದು ಸಿಪಿಯುನಲ್ಲಿ ಓಡುತ್ತಲೇ ಇದ್ದರೆ ಇನ್ನೇನು ಬಿಡುತ್ತಾನೆ ಅಂತ ಸ್ವಲ್ಪ ಹೊತ್ತು ಅಲ್ಲೇ ಸುತ್ತಿ ಕಾಯುತ್ತದೆ, ತಕ್ಷಣ ಮಲಗುವುದಿಲ್ಲ. ಹಿಡಿದವನೇ ಬಿಡಬೇಕು, ಒಬ್ಬನೇ ಎರಡು ಸಲ ಹಿಡಿಯುವ ಹಾಗಿಲ್ಲ, ಇಂಟರಪ್ಟ್‌ನಲ್ಲಿ ಬಳಸುವ ಹಾಗಿಲ್ಲ. ಈ ಮೂರು ನಿಯಮ ಬಾಯಿಪಾಠ ಆಗಿರಲಿ.

ಹಳೇ ಕೋಡ್‌ನಲ್ಲಿ ಇದೇ ಜಾಗದಲ್ಲಿ ಸೆಮಫೋರ್ (ಎಣಿಕೆ ಇಟ್ಟು ಒಳಗೆ ಬಿಡುವ ಲಾಕ್) ಕಾಣಿಸುತ್ತದೆ. 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಕೊಟ್ಟ ಕಲ್ಪನೆ ಅದು. ಈಗಿನ ಮ್ಯೂಟೆಕ್ಸ್ ಲಿನಕ್ಸ್‌ಗೆ ಬಂದಿದ್ದು 2006ರಲ್ಲಿ, 2.6.16ರ ಜೊತೆ. ಹೊಸ ಕೋಡ್‌ನಲ್ಲಿ ಸೆಮಫೋರ್ ಹಾಕಿದರೆ ರಿವ್ಯೂ ಮಾಡುವವರು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಒಬ್ಬರು ಕೆಲಸ ಮುಗಿಸಿದರು ಅಂತ ಇನ್ನೊಬ್ಬರಿಗೆ ತಿಳಿಸುವುದಷ್ಟೇ ಬೇಕಾದರೆ ಅದಕ್ಕೆ ಕಂಪ್ಲೀಷನ್ ಇದೆ, ಅದನ್ನು ಬಳಸಿ.

ಬಳಕೆದಾರರ ಪ್ರೋಗ್ರಾಂ ಬಂದು ಕಾಯುವ ಕಡೆ ಮ್ಯೂಟೆಕ್ಸ್_ಲಾಕ್_ಇಂಟರಪ್ಟಿಬಲ್ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಕಂಟ್ರೋಲ್-ಸಿ ಒತ್ತಿದರೂ ಪ್ರೋಗ್ರಾಂ ಅಲ್ಲಾಡುವುದಿಲ್ಲ. ಅದು ಕೊಡುವ ಎರರ್ ಕೋಡ್ ನೋಡಲು ಮರೆಯಬೇಡಿ, ಲಾಕ್ ಸಿಗದೇ ವಾಪಸ್ ಬಂದಿದ್ದರೂ ಸಿಕ್ಕಿದೆ ಅಂತ ಮುಂದೆ ಹೋದರೆ ಕಥೆ ಮುಗಿಯಿತು.

ಇಂಟರಪ್ಟ್ ನಡುವೆ ಬಂದರೆ

ಈಗ ರಿಂಗ್ ಬಫರ್. ಹಾರ್ಡ್ ಇಂಟರಪ್ಟ್ ಮುಟ್ಟುತ್ತದೆ ಅಂದ ಮೇಲೆ ಮ್ಯೂಟೆಕ್ಸ್ ಆಗುವುದಿಲ್ಲ. ಉಳಿದದ್ದು ಸ್ಪಿನ್‌ಲಾಕ್. ಸಿಗುವವರೆಗೂ ಇದ್ದಲ್ಲೇ ಸುತ್ತುತ್ತಾ ಕಾಯುವ ಲಾಕ್ ಇದು. ಹಿಡಿದಿರುವಷ್ಟು ಹೊತ್ತು ಆ ಸಿಪಿಯುನಲ್ಲಿ ಬೇರೆ ಪ್ರೊಸೆಸ್ ಬಂದು ನಿಮ್ಮನ್ನು ಎಬ್ಬಿಸಿ ಕಳಿಸಲು ಆಗುವುದಿಲ್ಲ, ಪ್ರಿಎಂಪ್ಶನ್ ಬಂದ್. ಆದರೆ ಇಂಟರಪ್ಟ್ ಬರಬಹುದು. ಇಲ್ಲೇ ನಾನು ಬಿದ್ದಿದ್ದು.

ರೀಡ್‌ನಲ್ಲೂ ಹ್ಯಾಂಡ್ಲರ್‌ನಲ್ಲೂ ಸುಮ್ನೆ ಸ್ಪಿನ್_ಲಾಕ್ ಹಾಕಿದ್ದೆ. ಮೂರು ದಿನ ಚೆನ್ನಾಗಿ ಓಡಿತು. ನಾಲ್ಕನೇ ದಿನ ಮೆಷಿನ್ ಕಲ್ಲಿನ ಹಾಗೆ ನಿಂತುಬಿಟ್ಟಿತು. ಆಗಿದ್ದು ಏನು ಅಂತ ನಿಧಾನವಾಗಿ ನೋಡಿ. ಸಿಪಿಯು 2ರಲ್ಲಿ ರೀಡ್ ಓಡುತ್ತಿದೆ, ಲಾಕ್ ಹಿಡಿದಿದೆ, ಟೈಲ್ ಓದಿ ಹೊಸ ಬೆಲೆ ಲೆಕ್ಕ ಹಾಕುತ್ತಿದೆ. ಅದೇ ಸಿಪಿಯು 2ಕ್ಕೆ ಇಂಟರಪ್ಟ್ ಬಂತು. ರೀಡ್ ಅರ್ಧದಲ್ಲೇ ನಿಂತು ಹ್ಯಾಂಡ್ಲರ್ ಶುರುವಾಯಿತು. ಹ್ಯಾಂಡ್ಲರ್ ಅದೇ ಲಾಕ್ ಕೇಳಿತು. ಲಾಕ್ ಇರುವುದು ರೀಡ್ ಕೈಯಲ್ಲಿ. ರೀಡ್ ಅದನ್ನು ಬಿಡಬೇಕಾದರೆ ಅದು ಓಡಬೇಕು, ಓಡಬೇಕಾದರೆ ಹ್ಯಾಂಡ್ಲರ್ ಮುಗಿಯಬೇಕು, ಹ್ಯಾಂಡ್ಲರ್ ಮುಗಿಯಬೇಕಾದರೆ ಲಾಕ್ ಸಿಗಬೇಕು. ಇನ್ನು ಪ್ರಳಯದವರೆಗೂ ಸುತ್ತುವುದೇ ಕೆಲಸ.

ಹಾಗಾದರೆ ಮೂರು ದಿನ ಹೇಗೆ ಓಡಿತು? ಅಷ್ಟು ದಿನ ಇಂಟರಪ್ಟ್‌ಗಳೆಲ್ಲ ಸಿಪಿಯು 0ಗೆ ಹೋಗುತ್ತಿದ್ದವು, ನನ್ನ ಟೆಸ್ಟ್ ಪ್ರೋಗ್ರಾಂ ಬೇರೆ ಸಿಪಿಯುನಲ್ಲಿ ಇತ್ತು. ಬೇರೆ ಸಿಪಿಯುನಲ್ಲಿ ಹ್ಯಾಂಡ್ಲರ್ ಸುತ್ತಿದರೆ ತೊಂದರೆ ಇಲ್ಲ, ರೀಡ್ ಮುಂದುವರಿದು ಲಾಕ್ ಬಿಟ್ಟೇ ಬಿಡುತ್ತದೆ. ಯಾವಾಗ ಇಂಟರಪ್ಟ್‌ಗಳನ್ನು ಹಂಚುವ ಸೇವೆ ಅದನ್ನು ಸಿಪಿಯು 2ಕ್ಕೆ ತಿರುಗಿಸಿತೋ ಆಗ ಬಾಂಬ್ ಸಿಡಿಯಿತು. ಟೆಸ್ಟ್‌ನಲ್ಲಿ ಓಡಿತು ಅನ್ನುವುದಕ್ಕೆ ಲಾಕಿಂಗ್ ವಿಷಯದಲ್ಲಿ ನಾಲ್ಕಾಣೆ ಬೆಲೆಯೂ ಇಲ್ಲ ಅಂತ ಅವತ್ತು ತಿಳಿಯಿತು.

ಪರಿಹಾರ ಸರಳ. ರೀಡ್ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಹಾಕಿ. ಲಾಕ್ ಹಿಡಿಯುವ ಮೊದಲು ಅದು ಈ ಸಿಪಿಯುನ ಇಂಟರಪ್ಟ್‌ಗಳನ್ನು ಮುಚ್ಚುತ್ತದೆ, ಬಿಡುವಾಗ ಮೊದಲು ಹೇಗಿತ್ತೋ ಹಾಗೆ ಮಾಡುತ್ತದೆ. ಸೇವ್ ಇಲ್ಲದ ಸ್ಪಿನ್_ಲಾಕ್_ಐಆರ್‌ಕ್ಯೂ ಕೂಡ ಇದೆ, ಅದು ಬಿಡುವಾಗ ಇಂಟರಪ್ಟ್‌ಗಳನ್ನು ಕಣ್ಣುಮುಚ್ಚಿ ತೆರೆದುಬಿಡುತ್ತದೆ. ನಿಮ್ಮನ್ನು ಕರೆದವರು ಆಗಲೇ ಮುಚ್ಚಿಟ್ಟಿದ್ದರೆ ಅವರ ಬುಡಕ್ಕೇ ನೀರು. ನೂರಕ್ಕೆ ನೂರು ಗೊತ್ತಿಲ್ಲದಿದ್ದರೆ ಸೇವ್ ಇರುವುದನ್ನೇ ಬಳಸಿ. ಅದಕ್ಕೆ ಕೊಡುವ ಫ್ಲ್ಯಾಗ್ಸ್ ವೇರಿಯಬಲ್ ಫಂಕ್ಷನ್ ಒಳಗಿನ ಲೋಕಲ್ ಆಗಿರಲಿ, ಸ್ಟ್ರಕ್ಟ್ ಒಳಗೆ ಇಟ್ಟು ಎಲ್ಲರೂ ಹಂಚಿಕೊಂಡರೆ ಒಬ್ಬರದನ್ನು ಇನ್ನೊಬ್ಬರು ಅಳಿಸುತ್ತಾರೆ. ಹ್ಯಾಂಡ್ಲರ್ ಒಳಗೆ ಸಾಮಾನ್ಯವಾಗಿ ಬರೀ ಸ್ಪಿನ್_ಲಾಕ್ ಸಾಕು, ಅಲ್ಲಿ ಇಂಟರಪ್ಟ್‌ಗಳು ಆಗಲೇ ಮುಚ್ಚಿರುತ್ತವೆ. ಡೇಟಾ ಮುಟ್ಟುವವರಲ್ಲಿ ಸಾಫ್ಟ್ಇಂಟರಪ್ಟ್ ಮಾತ್ರ ಇದ್ದು ಹಾರ್ಡ್ ಇಲ್ಲ ಅಂದರೆ ಸ್ಪಿನ್_ಲಾಕ್_ಬಿಹೆಚ್ ಸಾಕು.

ಸ್ಪಿನ್‌ಲಾಕ್ ಒಳಗೆ ನಿದ್ದೆ ಬರಿಸುವ ಯಾವುದನ್ನೂ ಕರೆಯಬಾರದು. ಇದು ಹೇಳಲು ಸುಲಭ, ಪಾಲಿಸಲು ಕಷ್ಟ, ಏಕೆಂದರೆ ನಿದ್ದೆ ಅನ್ನುವುದು ಅನಿರೀಕ್ಷಿತ ಜಾಗಗಳಲ್ಲಿ ಅಡಗಿರುತ್ತದೆ. ಎಂಸ್ಲೀಪ್ ಮತ್ತು ಮ್ಯೂಟೆಕ್ಸ್ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಜಿಎಫ್‌ಪಿ_ಕರ್ನಲ್ ಹಾಕಿದ ಕೆಮ್ಯಾಲಕ್ (ಮೆಮೊರಿ ಕೇಳುವ ಫಂಕ್ಷನ್) ಕೂಡ ಮೆಮೊರಿ ಕಡಿಮೆ ಇದ್ದಾಗ ಮಲಗುತ್ತದೆ. ಬಳಕೆದಾರರ ಪ್ರೋಗ್ರಾಂಗೆ ಡೇಟಾ ಕಾಪಿ ಮಾಡುವ ಕಾಪಿ_ಟು_ಯೂಸರ್ ಕೂಡ ಅಷ್ಟೇ, ಆ ಪ್ರೋಗ್ರಾಂನ ಪೇಜ್ ಮೆಮೊರಿಯಲ್ಲಿ ಇಲ್ಲದಿದ್ದರೆ ಡಿಸ್ಕ್‌ನಿಂದ ತರುವವರೆಗೂ ಕಾಯುತ್ತದೆ. ಜಿಎಫ್‌ಪಿ_ಅಟಾಮಿಕ್ ಹಾಕಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಕೈಕೊಡುವ ಸಾಧ್ಯತೆ ಜಾಸ್ತಿ. ಒಳ್ಳೆಯ ಅಭ್ಯಾಸ ಅಂದರೆ ಮೆಮೊರಿಯನ್ನು ಲಾಕ್‌ಗೆ ಮುಂಚೆಯೇ ತಗೊಂಡಿಟ್ಟು, ಲಾಕ್ ಒಳಗೆ ಪಾಯಿಂಟರ್ ಮಾತ್ರ ಜೋಡಿಸುವುದು.

ಈಗ ರೀಡ್‌ನಲ್ಲಿ ಇಕ್ಕಟ್ಟು ಬಂತು ಅಲ್ವಾ? ಬಫರ್‌ಗೆ ಸ್ಪಿನ್‌ಲಾಕ್ ಬೇಕು, ಆದರೆ ಬಳಕೆದಾರರಿಗೆ ಕಾಪಿ ಮಾಡುವುದು ಅದರ ಒಳಗೆ ಆಗಬಾರದು. ಒಂದು ದಾರಿ: ಲಾಕ್ ಒಳಗೆ ಬೈಟ್‌ಗಳನ್ನು ಒಂದು ತಾತ್ಕಾಲಿಕ ಬಫರ್‌ಗೆ ತೆಗೆದು, ಲಾಕ್ ಬಿಟ್ಟು, ಆಮೇಲೆ ಕಾಪಿ. ನಡೆಯುತ್ತದೆ, ಆದರೆ ಕಾಪಿ ಫೇಲ್ ಆದರೆ ಆ ಬೈಟ್‌ಗಳು ಹೋದವು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬಫರ್‌ಗೆ ತುಂಬುವವರು ಎಷ್ಟು ಜನ? ಒಬ್ಬರೇ, ಹ್ಯಾಂಡ್ಲರ್. ತೆಗೆಯುವವರು? ರೀಡ್ ಕರೆದವರು ಎಷ್ಟು ಜನ ಬೇಕಾದರೂ ಇರಬಹುದು, ಆದರೆ ಅವರೆಲ್ಲ ಪ್ರೊಸೆಸ್ ಕಾಂಟೆಕ್ಸ್ಟ್. ಅವರ ನಡುವೆ ಒಂದು ಮ್ಯೂಟೆಕ್ಸ್ ಇಟ್ಟರೆ ಒಂದು ಹೊತ್ತಿಗೆ ತೆಗೆಯುವವರೂ ಒಬ್ಬರೇ ಆಗುತ್ತಾರೆ. ಒಬ್ಬರು ತುಂಬಿ ಒಬ್ಬರು ತೆಗೆಯುವ ಬಫರ್‌ಗೆ ಕರ್ನಲ್‌ನಲ್ಲಿ ಕೆಫಿಫೋ ಇದೆ, ಆ ಸಂದರ್ಭದಲ್ಲಿ ಅದಕ್ಕೆ ಬೇರೆ ಲಾಕ್ ಬೇಡ. ಹೆಡ್ ಅನ್ನು ತುಂಬುವವರು ಮಾತ್ರ ಬರೆಯುತ್ತಾರೆ, ಟೈಲ್ ಅನ್ನು ತೆಗೆಯುವವರು ಮಾತ್ರ. ಕೊನೆಗೆ ನಾನು ಮಾಡಿದ್ದು ಇದನ್ನೇ: ಓದುವವರ ನಡುವೆ ಮ್ಯೂಟೆಕ್ಸ್, ಕೆಳಗೆ ಕೆಫಿಫೋ, ಸ್ಪಿನ್‌ಲಾಕ್ ಪೂರ್ತಿ ಮಾಯ. ಮ್ಯೂಟೆಕ್ಸ್ ಹಿಡಿದು ಕಾಪಿ ಮಾಡಲು ಯಾರ ಅಡ್ಡಿಯೂ ಇಲ್ಲ. ಪಟ್ಟಿಯನ್ನು ಮೊದಲೇ ಮಾಡಿದ್ದರೆ ಆ ನಾಲ್ಕನೇ ದಿನ ಬರುತ್ತಲೇ ಇರಲಿಲ್ಲ.

ಬಫರ್ ಖಾಲಿ ಇದ್ದಾಗ ಕಾಯಲು ವೇಟ್_ಈವೆಂಟ್_ಇಂಟರಪ್ಟಿಬಲ್ ಬಳಸಿ, ಮ್ಯೂಟೆಕ್ಸ್ ಕೈಯಲ್ಲಿ ಹಿಡಿದುಕೊಂಡು ಕಾಯಬೇಡಿ. ಖಾಲಿ ಇದೆಯಾ ನೋಡಿ, ಇದ್ದರೆ ಮಲಗು ಅಂತ ನೀವೇ ಬರೆದರೆ ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಹ್ಯಾಂಡ್ಲರ್ ಬಂದು ಎಬ್ಬಿಸಿ ಹೋಗಿರುತ್ತದೆ, ನೀವು ಆಮೇಲೆ ಮಲಗುತ್ತೀರಿ, ಎಬ್ಬಿಸಲು ಮತ್ತೆ ಯಾರೂ ಬರುವುದಿಲ್ಲ. ವೇಟ್_ಈವೆಂಟ್ ಮೊದಲು ಸಾಲಿನಲ್ಲಿ ಹೆಸರು ಬರೆಸಿ ಆಮೇಲೆ ಇನ್ನೊಮ್ಮೆ ನೋಡುತ್ತದೆ, ಅದರ ಗುಟ್ಟು ಅಷ್ಟೇ. ಎದ್ದ ಮೇಲೆ ಮ್ಯೂಟೆಕ್ಸ್ ಹಿಡಿದು ಬಫರ್ ಖಾಲಿಯಾ ಅಂತ ಮತ್ತೆ ನೋಡಬೇಕು, ನಿಮಗಿಂತ ಮುಂಚೆ ಇನ್ನೊಬ್ಬರು ಎದ್ದು ತೆಗೆದುಕೊಂಡು ಹೋಗಿರಬಹುದು.

ಎರಡು ಲಾಕ್ ಆದ ಕೂಡಲೇ

ಒಂದು ಲಾಕ್ ಇರುವವರೆಗೆ ಬದುಕು ಸುಲಭ. ಎರಡಾದರೆ ಕ್ರಮ ಬೇಕು. ಒಬ್ಬರು ಮೊದಲು ಅ ಆಮೇಲೆ ಆ ಹಿಡಿಯುತ್ತಾರೆ, ಇನ್ನೊಬ್ಬರು ಮೊದಲು ಆ ಆಮೇಲೆ ಅ. ಇಬ್ಬರ ಕೈಯಲ್ಲೂ ಒಂದೊಂದು, ಇಬ್ಬರೂ ಇನ್ನೊಂದಕ್ಕೆ ಕಾಯುತ್ತಾ ಕೂತಿರುತ್ತಾರೆ, ಇದೇ ಡೆಡ್‌ಲಾಕ್. ಕ್ರಮ ಯಾವುದಾದರೂ ಪರವಾಗಿಲ್ಲ, ಎಲ್ಲರಿಗೂ ಒಂದೇ ಇರಬೇಕು. ಒಂದೇ ಜಾತಿಯ ಎರಡು ವಸ್ತುಗಳನ್ನು ಒಟ್ಟಿಗೆ ಲಾಕ್ ಮಾಡಬೇಕಾದರೆ ಮೆಮೊರಿ ವಿಳಾಸ ಚಿಕ್ಕದಿರುವುದನ್ನು ಮೊದಲು ಹಿಡಿಯುವುದು ಹಳೇ ಉಪಾಯ, ಎರಡು ಐನೋಡ್‌ಗಳನ್ನು (ಫೈಲ್‌ನ ವಿವರ ಇಡುವ ಸ್ಟ್ರಕ್ಟ್) ಲಾಕ್ ಮಾಡುವ ಕಡೆ ಕರ್ನಲ್ ಕೂಡ ಅದನ್ನೇ ಮಾಡುತ್ತದೆ. ಮೆಮೊರಿ ವಿಭಾಗದ ಆರ್‌ಮ್ಯಾಪ್ ಫೈಲ್ ತೆರೆದು ನೋಡಿ, ಮೇಲೆಯೇ ಯಾವ ಲಾಕ್ ಯಾವುದರ ಒಳಗೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆದ ದೊಡ್ಡ ಕಮೆಂಟ್ ಇದೆ. ನಿಮ್ಮ ಡ್ರೈವರ್‌ಗೂ ನಾಲ್ಕು ಸಾಲಿನದ್ದು ಇರಲಿ.

ಇದನ್ನೆಲ್ಲ ಕಣ್ಣಲ್ಲೇ ಹಿಡಿಯಬೇಕಾಗಿಲ್ಲ, ಲಾಕ್‌ಡೆಪ್ ಇದೆ. 2006ರಲ್ಲಿ 2.6.18ಕ್ಕೆ ಬಂತು. ಕರ್ನಲ್ ಕಟ್ಟುವಾಗ ಪ್ರೂವ್_ಲಾಕಿಂಗ್ ಆನ್ ಮಾಡಿದರೆ ಅದು ಯಾವ ಲಾಕ್ ಕೈಯಲ್ಲಿದ್ದಾಗ ಯಾವುದನ್ನು ಹಿಡಿದರು ಅಂತ ಲೆಕ್ಕ ಇಡುತ್ತದೆ. ನಿಜವಾಗಿ ಡೆಡ್‌ಲಾಕ್ ಆಗಲೇಬೇಕು ಅಂತಿಲ್ಲ. ಬೆಳಿಗ್ಗೆ ಒಮ್ಮೆ ಅ-ಆ ಕ್ರಮ, ಸಂಜೆ ಒಮ್ಮೆ ಆ-ಅ ಕ್ರಮ ಕಂಡರೂ ಸಾಕು, ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್ ಅಂತ ಲಾಗ್‌ನಲ್ಲಿ ಕೂಗುತ್ತದೆ. ನನ್ನ ಇಂಟರಪ್ಟ್ ಕಥೆಯನ್ನೂ ಇದು ಮೊದಲ ನಿಮಿಷದಲ್ಲೇ ಹಿಡಿಯುತ್ತಿತ್ತು. ಒಂದೇ ಲಾಕನ್ನು ಇಂಟರಪ್ಟ್ ಒಳಗೂ ಹಿಡಿದಿದ್ದೀರಿ, ಹೊರಗೆ ಇಂಟರಪ್ಟ್ ತೆರೆದಿಟ್ಟೂ ಹಿಡಿದಿದ್ದೀರಿ ಅನ್ನುವುದಷ್ಟೇ ಅದಕ್ಕೆ ಸಾಕು, ಎರಡೂ ಒಂದೇ ಸಿಪಿಯುನಲ್ಲಿ ಸೇರುವವರೆಗೆ ಕಾಯುವುದಿಲ್ಲ. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದೇ ಕೆಲಸಕ್ಕೆ ವಿಟ್ನೆಸ್ ಇದೆ.

ಆ ರಿಪೋರ್ಟ್ ಉದ್ದ ನೋಡಿ ಹೆದರಬೇಡಿ. ಮೇಲ್ಗಡೆ ಎರಡು ಸಾಲು ನೋಡಿ: ಯಾವ ಲಾಕ್ ಹಿಡಿಯಲು ಹೊರಟಿದ್ದೀರಿ, ಯಾವುದು ಆಗಲೇ ಕೈಯಲ್ಲಿದೆ. ಕೆಳಗಿನ ಸ್ಟ್ಯಾಕ್‌ಗಳು ಉಲ್ಟಾ ಕ್ರಮ ಮೊದಲು ಎಲ್ಲಿ ಕಂಡಿತು ಅಂತ ಹೇಳುತ್ತವೆ. ಕೊನೆಯಲ್ಲಿ ಸಿಪಿಯು 0, ಸಿಪಿಯು 1 ಅಂತ ಎರಡು ಕಾಲಂ ಹಾಕಿದ ಚಿತ್ರ ಇರುತ್ತದೆ, ಅದು ಆಗಬಹುದಾದ ಅಪಘಾತದ ನಕ್ಷೆ. ಒಂದು ವಿಷಯ ಮಾತ್ರ ಗಮನದಲ್ಲಿಡಿ: ಮೊದಲ ರಿಪೋರ್ಟ್ ಆದ ಮೇಲೆ ಲಾಕ್‌ಡೆಪ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಬೂಟ್ ಆಗುವಾಗಲೇ ಬೇರೆ ಯಾರದೋ ಡ್ರೈವರ್ ಒಂದು ರಿಪೋರ್ಟ್ ಕೊಡಿಸಿದ್ದರೆ ನಿಮ್ಮ ಕೋಡನ್ನು ಅದು ನೋಡಿಯೇ ಇರುವುದಿಲ್ಲ, ನೀವು ಎಲ್ಲ ಶುದ್ಧ ಅಂದುಕೊಂಡಿರುತ್ತೀರಿ.

ಇದರ ಜೊತೆಗೆ ಡೀಬಗ್_ಅಟಾಮಿಕ್_ಸ್ಲೀಪ್ ಕೂಡ ಆನ್ ಮಾಡಿ. ಕೆಮ್ಯಾಲಕ್ ಆ ಸಲ ಮಲಗದಿದ್ದರೂ, ಮಲಗಬಹುದಾಗಿತ್ತು ಅಂತ ಹಿಡಿದುಕೊಡುತ್ತದೆ. ಲಾಕ್ ಇಲ್ಲದೇ ಎರಡು ಕಡೆಯಿಂದ ಮುಟ್ಟಿದ ಡೇಟಾ ಹುಡುಕಲು ಕೆಸಿಸ್ಯಾನ್ ಇದೆ, 2020ರಲ್ಲಿ 5.8ಕ್ಕೆ ಬಂದದ್ದು. ಇವೆಲ್ಲ ಕರ್ನಲ್ ಅನ್ನು ಚೆನ್ನಾಗಿ ನಿಧಾನ ಮಾಡುತ್ತವೆ, ಟೆಸ್ಟ್ ಮಾಡುವ ವರ್ಚುವಲ್ ಮೆಷಿನ್‌ನಲ್ಲಿ ಮಾತ್ರ ಇಟ್ಟುಕೊಳ್ಳಿ.

ಎರರ್ ದಾರಿಯಲ್ಲಿ ಲಾಕ್ ಬಿಡಲು ಮರೆಯುವುದು ಇನ್ನೊಂದು ಹಳೇ ಕಾಯಿಲೆ. ಫಂಕ್ಷನ್ ನಡುವೆ ಆರು ರಿಟರ್ನ್ ಇದ್ದರೆ ಐದರಲ್ಲಿ ಅನ್‌ಲಾಕ್ ಇರುತ್ತದೆ. 2023ರ 6.5 ಇಂದ ಗಾರ್ಡ್ ಅನ್ನುವ ಮ್ಯಾಕ್ರೋ ಇದೆ, ಫಂಕ್ಷನ್ ಯಾವ ದಾರಿಯಲ್ಲಿ ಹೊರಗೆ ಬಂದರೂ ಲಾಕ್ ತಾನೇ ಬಿಡುತ್ತದೆ. ಹೊಸ ಕೋಡ್ ಆದರೆ ಅದನ್ನೇ ಹಾಕಿ.

ಓದುವವರೇ ಜಾಸ್ತಿ ಇದ್ದಾಗ

ಓದುವವರು ಸಾವಿರ, ಬರೆಯುವವರು ಅಪರೂಪ ಅಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ರೀಡರ್-ರೈಟರ್ ಲಾಕ್, ಅಂದರೆ ಓದುವವರನ್ನು ಒಟ್ಟಿಗೆ ಬಿಟ್ಟು ಬರೆಯುವವರನ್ನು ಒಬ್ಬರನ್ನೇ ಬಿಡುವ ಲಾಕ್. ಚಿಕ್ಕ ಕೆಲಸಕ್ಕೆ ಅದು ಅಷ್ಟೇನೂ ಲಾಭ ಕೊಡುವುದಿಲ್ಲ. ಓದುವವರೂ ಲಾಕ್‌ನ ಎಣಿಕೆಯನ್ನು ಬದಲಿಸಲೇಬೇಕು, ಅಂದರೆ ಅದು ಕೂತಿರುವ ಕ್ಯಾಶ್ ಲೈನ್ (ಸಿಪಿಯು ತನ್ನ ಹತ್ತಿರ ತಂದಿಟ್ಟುಕೊಳ್ಳುವ ಮೆಮೊರಿ ತುಂಡು, ಎಕ್ಸ್86ನಲ್ಲಿ 64 ಬೈಟ್) ಸಿಪಿಯುಯಿಂದ ಸಿಪಿಯುಗೆ ಚೆಂಡಿನ ಹಾಗೆ ಹಾರುತ್ತಲೇ ಇರುತ್ತದೆ. ಡೇಟಾ ಓದುವುದಕ್ಕಿಂತ ಲಾಕ್ ಹಿಡಿಯುವುದಕ್ಕೇ ಖರ್ಚು ಜಾಸ್ತಿ.

ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಈ ಖರ್ಚನ್ನೇ ತೆಗೆದುಹಾಕುತ್ತದೆ. ಪಾಲ್ ಮೆಕೆನ್ನಿ ಮುಖ್ಯವಾಗಿ ಬೆಳೆಸಿದ ಈ ವಿಧಾನ 2002ರಲ್ಲಿ ಲಿನಕ್ಸ್‌ಗೆ ಸೇರಿತು. ಬರೆಯುವವರು ಹಳೆಯದನ್ನು ಮುಟ್ಟುವುದಿಲ್ಲ. ಅದರ ಒಂದು ಪ್ರತಿ ಮಾಡಿ, ಪ್ರತಿಯನ್ನು ಬದಲಿಸಿ, ಆರ್‌ಸಿಯು_ಅಸೈನ್_ಪಾಯಿಂಟರ್ ಮೂಲಕ ಪಾಯಿಂಟರ್ ಅನ್ನು ಹೊಸದರ ಕಡೆ ತಿರುಗಿಸುತ್ತಾರೆ. ಓದುವವರು ಹಳೆಯದನ್ನೋ ಹೊಸದನ್ನೋ ಪೂರ್ತಿಯಾಗಿ ನೋಡುತ್ತಾರೆ, ಅರ್ಧಂಬರ್ಧ ನೋಡುವುದಿಲ್ಲ. ಹಳೆಯದನ್ನು ಫ್ರೀ ಮಾಡುವುದು ಯಾವಾಗ? ಪಾಯಿಂಟರ್ ತಿರುಗಿಸುವ ಮೊದಲೇ ಓದಲು ಶುರು ಮಾಡಿದವರೆಲ್ಲ ಮುಗಿಸಿದ ಮೇಲೆ. ಸಿಂಕ್ರೊನೈಜ್_ಆರ್‌ಸಿಯು ಅದಕ್ಕೇ ಕಾಯುತ್ತದೆ, ಕಾಯಲು ಪುರುಸೊತ್ತಿಲ್ಲದಿದ್ದರೆ ಕೆಫ್ರೀ_ಆರ್‌ಸಿಯುಗೆ ಒಪ್ಪಿಸಿ ಮುಂದೆ ಹೋಗಬಹುದು. ಓದುವವರ ಕಡೆ ಖರ್ಚು ಎಷ್ಟು ಅಂದರೆ, ಪ್ರಿಎಂಪ್ಶನ್ ಇಲ್ಲದ ಕರ್ನಲ್‌ನಲ್ಲಿ ಆರ್‌ಸಿಯು_ರೀಡ್_ಲಾಕ್ ಹೆಚ್ಚು ಕಡಿಮೆ ಏನೂ ಇಲ್ಲ. ಫೈಲ್ ಹೆಸರು ಹುಡುಕುವ ದಾರಿ 2011ರ 2.6.38 ಇಂದ ಹೀಗೇ ಓಡುತ್ತಿದೆ.

ಎಲ್ಲರೂ ಎಡವುವ ಜಾಗ ಒಂದಿದೆ. ಆರ್‌ಸಿಯುನಲ್ಲಿ ಸಿಕ್ಕ ಪಾಯಿಂಟರ್ ಅನ್ನು ಆರ್‌ಸಿಯು_ರೀಡ್_ಅನ್‌ಲಾಕ್ ಆದ ಮೇಲೂ ಇಟ್ಟುಕೊಳ್ಳುವುದು. ಹೊರಗೆ ಬೇಕಾದರೆ ಒಳಗಿರುವಾಗಲೇ ರೆಫ್‌ಕೌಂಟ್_ಇಂಕ್_ನಾಟ್_ಝೀರೋ ಮಾಡಿ ಒಂದು ಹಿಡಿತ ತಗೊಳ್ಳಿ. ಹಿಡಿದವರ ಎಣಿಕೆ ಆಗಲೇ ಸೊನ್ನೆ ಅಂತ ಅದು ಹೇಳಿದರೆ ಆ ವಸ್ತು ಸಾಯುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಬರೆಯುವವರು ಇಬ್ಬರಿದ್ದರೆ ಅವರ ನಡುವೆ ಮಾಮೂಲಿ ಲಾಕ್ ಬೇಕೇ ಬೇಕು, ಆರ್‌ಸಿಯು ಅದನ್ನು ನೋಡಿಕೊಳ್ಳುವುದಿಲ್ಲ.

ಸೀಕ್‌ಲಾಕ್ ಇನ್ನೊಂದು. ಸಮಯದ ತರಹ ಎರಡು ಮೂರು ಸಂಖ್ಯೆ ಒಟ್ಟಿಗೆ ಓದಬೇಕು, ನಡುವೆ ಬದಲಾದರೆ ಮತ್ತೆ ಓದಿದರಾಯಿತು ಅನ್ನುವ ಕಡೆ ಚೆನ್ನ. ಪಾಯಿಂಟರ್ ಹಿಂದೆ ಹೋಗಬೇಕಾದ ಡೇಟಾಗೆ ಬೇಡ.

ಲಾಕ್ ಇಲ್ಲದೇ ಒಂದು ಫ್ಲ್ಯಾಗ್ ಇಟ್ಟು ಕೆಲಸ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಡೇಟಾ ಬರೆದು ಆಮೇಲೆ ಫ್ಲ್ಯಾಗ್ ಬರೆದರೂ ಇನ್ನೊಂದು ಸಿಪಿಯುಗೆ ಅದೇ ಕ್ರಮದಲ್ಲಿ ಕಾಣಬೇಕು ಅಂತಿಲ್ಲ, ಆರ್ಮ್‌ನಲ್ಲಂತೂ ಇದು ಸುಲಭವಾಗಿ ಕಾಣಿಸುತ್ತದೆ. ಲಾಕ್‌ಗಳು ಈ ಕ್ರಮವನ್ನು ಪುಕ್ಕಟೆ ಕೊಡುತ್ತವೆ. ಲಾಕ್ ಬಳಸದಿದ್ದರೆ ಬರೆಯುವ ಕಡೆ ಎಸ್‌ಎಂಪಿ_ಸ್ಟೋರ್_ರಿಲೀಸ್, ಓದುವ ಕಡೆ ಎಸ್‌ಎಂಪಿ_ಲೋಡ್_ಅಕ್ವೈರ್ ನೀವೇ ಹಾಕಬೇಕು. ಸಿ ಭಾಷೆಯ ವೊಲಟೈಲ್ ಹಾಕಿದರೆ ಆಗುವುದಿಲ್ಲ.

ಎಷ್ಟು ಲಾಕ್ ಬೇಕು

ನನ್ನ ಅಭಿಪ್ರಾಯ ಕೇಳಿದರೆ ಒಂದು ದೊಡ್ಡ ಲಾಕ್‌ನಿಂದ ಶುರು ಮಾಡಿ. ಲಿನಕ್ಸ್ ಕೂಡ ಹಾಗೇ ಶುರುವಾಯಿತು, 1996ರ 2.0ದಲ್ಲಿ ಇಡೀ ಕರ್ನಲ್‌ಗೆ ಬಿಗ್ ಕರ್ನಲ್ ಲಾಕ್ ಅಂತ ಒಂದೇ ಲಾಕ್. ಅದನ್ನು ಒಡೆಯುತ್ತಾ ಒಡೆಯುತ್ತಾ ಪೂರ್ತಿ ಕಿತ್ತುಹಾಕಿದ್ದು 2011ರ 2.6.39ರಲ್ಲಿ. ಹದಿನೈದು ವರ್ಷ ಹಿಡಿಯಿತು ನಿಜ, ಆದರೆ ನಿಮ್ಮ ಡ್ರೈವರ್ ಅಷ್ಟು ದೊಡ್ಡದಲ್ಲ. ಪರ್ಫ್ ಲಾಕ್ ಕಂಟೆನ್ಷನ್ ಅನ್ನುವ ಆಜ್ಞೆ ಓಡಿಸಿ, ಯಾರು ಯಾವ ಲಾಕ್‌ಗೆ ಕಾಯುತ್ತಿದ್ದಾರೆ ನೋಡಿ, ಆಮೇಲೆ ಒಡೆಯಿರಿ. ಅಳೆಯದೇ ಒಡೆದರೆ ಸಿಗುವುದು ವೇಗ ಅಲ್ಲ, ಹೊಸ ಡೆಡ್‌ಲಾಕ್.

2024ರ 6.12 ಇಂದ ಪ್ರಿಎಂಪ್ಟ್_ಆರ್‌ಟಿ (ರಿಯಲ್-ಟೈಮ್ ಕೆಲಸಕ್ಕಾಗಿ ಕರ್ನಲ್ ಕಟ್ಟುವ ಆಯ್ಕೆ) ಮುಖ್ಯ ಕರ್ನಲ್‌ನಲ್ಲೇ ಇದೆ. ಅದನ್ನು ಆನ್ ಮಾಡಿದರೆ ಸಾಮಾನ್ಯ ಸ್ಪಿನ್‌ಲಾಕ್ ಒಳಗಿಂದ ನಿದ್ದೆ ಮಾಡುವ ಲಾಕ್ ಆಗುತ್ತದೆ, ನಿಜವಾಗಿ ಸುತ್ತುವುದು ರಾ_ಸ್ಪಿನ್‌ಲಾಕ್ ಮಾತ್ರ. ಆದ್ದರಿಂದ ಕೈಯಾರೆ ಲೋಕಲ್_ಐಆರ್‌ಕ್ಯೂ_ಡಿಸೇಬಲ್ ಮಾಡಿ ಆಮೇಲೆ ಸ್ಪಿನ್_ಲಾಕ್ ಹಿಡಿಯುವ ಹಳೇ ಶೈಲಿ ಅಲ್ಲಿ ಮುರಿಯುತ್ತದೆ. ಎರಡೂ ಸೇರಿರುವ ಫಂಕ್ಷನ್ ಬಳಸಿ.

ಡ್ರೈವರ್ ತೆಗೆಯುವಾಗ

ಎಲ್ಲ ಸರಿ ಬರೆದು ಇಲ್ಲಿ ಬೀಳುವವರೇ ಜಾಸ್ತಿ. ವರ್ಕ್‌ಕ್ಯೂ ಕೆಲಸವನ್ನು ಕ್ಯಾನ್ಸಲ್_ವರ್ಕ್_ಸಿಂಕ್ ಮಾಡಿದಾಗ ಅದು ಓಡುತ್ತಿರುವ ಕೆಲಸ ಮುಗಿಯುವವರೆಗೆ ಕಾಯುತ್ತದೆ. ನಿಮ್ಮ ಕೈಯಲ್ಲಿ ಮ್ಯೂಟೆಕ್ಸ್ ಇದ್ದು, ಆ ಕೆಲಸವೂ ಅದೇ ಮ್ಯೂಟೆಕ್ಸ್‌ಗೆ ಕಾಯುತ್ತಿದ್ದರೆ ಒಂದೇ ಲಾಕ್‌ನಲ್ಲಿ ಡೆಡ್‌ಲಾಕ್. ಟೈಮರ್ ನಿಲ್ಲಿಸುವುದು, ಫ್ರೀ_ಐಆರ್‌ಕ್ಯೂ ಎರಡಕ್ಕೂ ಇದೇ ಮಾತು. ಲಾಕ್ ಬಿಟ್ಟು ಇವನ್ನು ಕರೆಯಿರಿ.

ಡ್ರೈವರ್ ಹೋದಾಗ ಇಂಟರಪ್ಟ್ ಅನ್ನು ತಾನಾಗಿಯೇ ಬಿಡಿಸುವ ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಬಳಸಿದ್ದರೆ ಇನ್ನೂ ಒಂದು ಬಲೆ ಇದೆ: ಇಂಟರಪ್ಟ್ ಬಿಡುಗಡೆ ಆಗುವುದು ನಿಮ್ಮ ರಿಮೂವ್ ಫಂಕ್ಷನ್ ಮುಗಿದ ಮೇಲೆ. ನೀವು ರಿಮೂವ್ ಒಳಗೆ ಬಫರ್ ಅನ್ನು ಕೈಯಾರೆ ಫ್ರೀ ಮಾಡಿರುತ್ತೀರಿ, ಹ್ಯಾಂಡ್ಲರ್ ಇನ್ನೂ ಜೀವಂತ ಇರುತ್ತದೆ, ಇಲ್ಲದ ಬಫರ್‌ಗೆ ಬರೆಯುತ್ತದೆ. ಮೊದಲು ಡಿವೈಸ್‌ಗೆ ಇಂಟರಪ್ಟ್ ನಿಲ್ಲಿಸು ಅಂತ ಹೇಳಿ, ಆಮೇಲೆ ಫ್ರೀ_ಐಆರ್‌ಕ್ಯೂ ಅಥವಾ ಅದರ ಡೆವ್‌ಎಂ ಜೋಡಿ, ಆಮೇಲೆ ಟೈಮರ್ ಮತ್ತು ವರ್ಕ್, ಎಲ್ಲಕ್ಕಿಂತ ಕೊನೆಗೆ ಮೆಮೊರಿ. ಟೈಮರ್ ವರ್ಕ್ ಅನ್ನು ಎಬ್ಬಿಸಿ, ವರ್ಕ್ ಮತ್ತೆ ಟೈಮರ್ ಹಾಕುವ ಹಾಗಿದ್ದರೆ ಇನ್ನು ಮುಂದೆ ಹಾಕಬೇಡ ಅನ್ನುವ ಒಂದು ಫ್ಲ್ಯಾಗ್ ಬೇಕು, ಅದನ್ನೂ ಆ ಹಾಳೆಯ ಎಡಗಡೆ ಸೇರಿಸಿ.